ಕಲಂ ಒಂಬತ್ತು, ಹಿಂದಿನ ಪುಟ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೆರಡು ನಿಮಿಷ. ಆ ಹೊತ್ತಿಗೆ ಬಂದ ಪತ್ರದಲ್ಲಿ ಇದ್ದದ್ದು ಮೂರೇ ಪದ: ಹಿಂದಿನ ಪುಟ ನೋಡಿದ್ದೀರಾ? ಬರೆದವರ ಹೆಸರಿಲ್ಲ, ಕೆಳಗೆ ವಂದನೆಯಿಲ್ಲ. ಅದು ಪರದೆಯ ಮೂಲೆಯಲ್ಲಿ ಮೂಡಿದಾಗ ಅವನು ಕೀಲಿಮಣೆಯನ್ನು ಮಗುಚಿ ಹಿಡಿದು ಬೆನ್ನು ತಟ್ಟುತ್ತಿದ್ದ. ಮೇಜಿನ ಮೇಲೆ ಉದುರಿದ್ದು ಬಿಸ್ಕತ್ತಿನ ಪುಡಿ, ಎರಡು ಮೋಟು ಕೂದಲು, ಒಂದು ಉಗುರಿನ ಚೂರು. ಸಂಜೆ ಪಾಳಿಯಲ್ಲಿ ಈ ಕುರ್ಚಿಯಲ್ಲಿ ಕೂರುವವನದು ಇರಬೇಕು. ಆ ಮನುಷ್ಯನನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಆದರೆ ಅವನ ಉಗುರು ಗೊತ್ತು, ತಲೆಹೊಟ್ಟು ಗೊತ್ತು, ಇಲಿಬಾಲದಂತಿರುವ ಮೌಸಿನ ತಂತಿಗೆ ಅವನು ಅಂಟಿಸಿಹೋಗುವ ಜಿಡ್ಡು ಗೊತ್ತು. ಒಂದು ಹಾಳೆಯ ಅಂಚಿನಿಂದ ಎಲ್ಲವನ್ನೂ ಬುಟ್ಟಿಗೆ ತಳ್ಳಿ, ಆ ಹಾಳೆಯನ್ನೂ ಬುಟ್ಟಿಗೆ ಹಾಕಿ, ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಂಡ ಮೇಲೆ ಪ್ಯಾಂಟಿನ ಮೇಲೆಯೇ ಅಸಹ್ಯ ಹುಟ್ಟಿತು. ಆಮೇಲೆ ಪತ್ರವನ್ನು ಇನ್ನೊಮ್ಮೆ ಓದಿದ. ಯಾವ ಪುಟ, ಯಾವುದರ ಪುಟ ಎಂದು ಕೇಳಬೇಕಾಗಿಯೇ ಇರಲಿಲ್ಲ.

ಜಾಲದಲ್ಲಿ ಹರಿದಾಡುವ ಮಾತುಗಳನ್ನು ಮೂಲ ದಾಖಲೆಯ ಪಕ್ಕಕ್ಕಿಟ್ಟು ನೋಡಿ, ಸರಿ, ಅರ್ಧ ಸರಿ, ಸುಳ್ಳು ಎಂದು ಮುದ್ರೆ ಒತ್ತುವುದು ಈ ಕಚೇರಿಯ ಕೆಲಸ. ಚುನಾವಣೆ ಘೋಷಣೆಯಾದ ದಿನ ವಿಷಯಗಳನ್ನು ಹಂಚಿಕೊಂಡಾಗ ಒಬ್ಬರಿಗೆ ರಸ್ತೆ, ಒಬ್ಬರಿಗೆ ಆಸ್ಪತ್ರೆ ಸಿಕ್ಕಿತು, ಅವನ ಪಾಲಿಗೆ ಬಂದೂಕು. ಬಂದೂಕು ನಿಯಂತ್ರಣದ ಬಗ್ಗೆ ಯಾವ ಅಭ್ಯರ್ಥಿ ಎಲ್ಲಿ ಏನು ಹೇಳಿದ, ಶಾಸನಸಭೆಯಲ್ಲಿ ಹೇಗೆ ಮತ ಹಾಕಿದ, ಈಗ ಜನ ಅವನ ಬಾಯಿಗೆ ಯಾವ ಮಾತು ತುರುಕುತ್ತಿದ್ದಾರೆ ಎನ್ನುವುದನ್ನು ಎರಡು ತಿಂಗಳಿಂದ ಅವನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿದ್ದ. ಕಚೇರಿಯಲ್ಲಿ ಅವನಿಗೆ ತಕ್ಕಡಿ ಎಂದೇ ಹೆಸರು. ಹೊಗಳಿಕೆಯೋ ಗೇಲಿಯೋ ಅವನು ವಿಚಾರಿಸಲು ಹೋಗಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಹೊಸ ಕೊಳಚೆ ಬಂದು ಬಿದ್ದಿರುತ್ತಿತ್ತು: ಸತ್ತ ಮಗುವಿನ ಚಿತ್ರದ ಮೇಲೆ ಅಭ್ಯರ್ಥಿಯ ನಗುಮುಖ ಅಂಟಿಸಿದ್ದು, ಯಾರೋ ಯಾವತ್ತೋ ಮದುವೆ ಮನೆಯಲ್ಲಿ ಹಿಡಿದ ಆಟಿಕೆ ಬಂದೂಕನ್ನು ಸುತ್ತು ಹಾಕಿ ತೋರಿಸಿದ್ದು, ಅದರ ಕೆಳಗೆ ಸಾವಿರಾರು ಜನ ತಮ್ಮ ನಾಲಿಗೆಯನ್ನು ಒಣಹಾಕಿದ್ದು. ಅದನ್ನೆಲ್ಲ ಓದುವಾಗ ಅವನಿಗೆ ಬರುತ್ತಿದ್ದದ್ದು ಕೋಪವಾಗಿರಲಿಲ್ಲ. ಬಸ್ಸಿನಲ್ಲಿ ಮುಂದೆ ಕೂತವನು ಸೀನಿದಾಗ ಕೈಮೇಲೆ ತುಂತುರು ಬಿದ್ದಂತೆ ಆಗುತ್ತಿತ್ತು, ಅಷ್ಟೇ. ಆ ಕೊಳಚೆಗೂ ತನಗೂ ನಡುವೆ ಒಂದು ಗಾಜು ಇದೆ, ಕಾಲೇಜಿನ ಪ್ರಯೋಗಾಲಯದಲ್ಲಿ ವಿಷದ ಹೊಗೆ ಮುಖಕ್ಕೆ ಬರದಂತೆ ತಡೆಯುವ ಪೆಟ್ಟಿಗೆಗೆ ಗಾಜು ಇರುತ್ತಿತ್ತಲ್ಲ ಹಾಗೆ, ಎಂದು ಅವನು ನಂಬಿದ್ದ.

ಶಾಸನಸಭೆಯ ದಾಖಲೆಯನ್ನು ತೆರೆದ. ಇನ್ನೂರ ಹದಿಮೂರನೆಯ ಪುಟ ಅವನಿಗೆ ಕಂಠಪಾಠವಾಗಿತ್ತು: ಬಂದೂಕು ಪರವಾನಗಿ ಮಸೂದೆ, ಕಲಂ ಒಂಬತ್ತು, ಹೌದು ಎಂದವರು ಅರವತ್ತೊಂದು, ಇಲ್ಲ ಎಂದವರು ಎಪ್ಪತ್ತನಾಲ್ಕು. ಇಲ್ಲ ಎಂದವರ ಪಟ್ಟಿಯಲ್ಲಿ, ಈ ಸಲವೂ ಚುನಾವಣೆಗೆ ನಿಂತಿರುವ ಈ ಕ್ಷೇತ್ರದ ಶಾಸಕಿಯ ಹೆಸರು ಇಪ್ಪತ್ತೆರಡನೆಯದು. ಮನೆಯಲ್ಲಿ ಬಂದೂಕು ಇಟ್ಟುಕೊಂಡವರು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬೇಕು, ಗುಂಡುಗಳನ್ನು ಬೇರೆ ಕಡೆ ಇಡಬೇಕು ಎನ್ನುವುದು ಕಲಂ ಒಂಬತ್ತು. ಹೋದ ವಾರ ಮೊದಲ ದಿನ ಅವಳ ಮುಖ ಹಾಕಿದ ಒಂದು ಚೀಟಿ ಜಾಲದಲ್ಲಿ ಓಡಾಡತೊಡಗಿತ್ತು: ಬೀಗ ಬೇಡ ಎಂದು ಮತ ಹಾಕಿದವಳು ಇವಳೇ. ಅವನು ಪುಟ ಇನ್ನೂರ ಹದಿಮೂರನ್ನು ತೆರೆದು, ಹೆಸರನ್ನು ಬೆರಳಿಟ್ಟು ಹುಡುಕಿ, ದಿನಾಂಕ ತಾಳೆ ನೋಡಿ, ಹಸಿರು ಮುದ್ರೆ ಒತ್ತಿದ್ದ. ಸರಿ. ಈಗ ಇನ್ನೂರ ಹನ್ನೆರಡಕ್ಕೆ ಹೋದ. ಪುಟದ ಕೊನೆಯ ಸಾಲು, ಇಷ್ಟೇ: ಕಲಂ ಒಂಬತ್ತನ್ನು ಮಸೂದೆಯಿಂದ ಕೈಬಿಡಬೇಕೆಂಬ ಸೂಚನೆಯನ್ನು ಸಭೆಯ ಮತಕ್ಕೆ ಹಾಕಲಾಯಿತು.

ಕೈಬಿಡಬೇಕೆಂಬ ಸೂಚನೆ. ಹೌದು ಎಂದವರು ಬೀಗ ಬೇಡ ಎಂದವರು. ಇಲ್ಲ ಎಂದವರು ಬೀಗ ಇರಲಿ ಎಂದವರು. ಶಾಸಕಿ ಬೀಗ ಇರಲಿ ಎಂದು ಮತ ಹಾಕಿದ್ದಳು. ಇಲ್ಲ ಎಂದವರೇ ಹೆಚ್ಚಿದ್ದರೂ ಕಲಂ ಉಳಿದದ್ದು ಹೇಗೆ ಎಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎಂಟು ದಿನಗಳಿಂದ ನಾಲ್ಕು ಲಕ್ಷ ಜನರ ಕೈಯಲ್ಲಿ ಅವಳು ಬೀಗ ಬೇಡ ಎನ್ನುತ್ತಿದ್ದಾಳೆ, ಅವನ ಹಸಿರು ಮುದ್ರೆಯನ್ನು ಹಣೆಗೆ ಅಂಟಿಸಿಕೊಂಡು. ಮತದಾನ ಶುಕ್ರವಾರ. ಅವನು ಪುಟವನ್ನು ಹಿಂದಕ್ಕೂ ಮುಂದಕ್ಕೂ ಒಯ್ದ, ಮೂರನೆಯ ಸಲ ನೋಡಿದರೆ ಸಾಲು ಬದಲಾಗಬಹುದು ಎಂಬಂತೆ. ಮೊದಲು ನೆನಪಾದದ್ದು ಶಾಸಕಿಯೂ ಅಲ್ಲ, ನಾಲ್ಕು ಲಕ್ಷ ಜನರೂ ಅಲ್ಲ. ಅಕ್ಕನ ಚಪ್ಪಲಿ. ಹಿಮ್ಮಡಿಯ ಒಂದು ಬದಿ ಸವೆದ, ಕಂದು ಬಣ್ಣದ, ಅಕ್ಕನ ಚಪ್ಪಲಿ.

ಎದುರು ಮೇಜಿನಲ್ಲಿ ಕೋರ್ಟಿನವರು ಪೆಪ್ಪರ್‌ಮಿಂಟ್ ಚೀಪುತ್ತಿದ್ದರು. ನ್ಯಾಯಾಲಯದಲ್ಲಿ ಮೂವತ್ತೆರಡು ವರ್ಷ ಬೆರಳಚ್ಚು ಮಾಡಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಇಲ್ಲಿ ಅವರದು ಎರಡನೆಯ ಕಣ್ಣಿನ ಕೆಲಸ. ಒಬ್ಬರು ಪರಿಶೀಲಿಸಿದ್ದನ್ನು ಇನ್ನೊಬ್ಬರು ಮೊದಲಿನವರ ಉತ್ತರ ನೋಡದೆ, ಮೂಲದಿಂದಲೇ ಶುರುಮಾಡಿ ನೋಡಬೇಕು. ಎರಡು ಉತ್ತರ ಹೊಂದಿದರೆ ಮಾತ್ರ ಮುದ್ರೆ. ಈ ನಿಯಮವನ್ನು ಬರೆದುಕೊಟ್ಟವನು ಅವನೇ. ಗೋಡೆಯ ಮೇಲೆ ಈಗಲೂ ಅಂಟಿಸಿದೆ, ಒಂದು ಮೂಲೆ ಬಿಟ್ಟುಕೊಂಡು.

"ಏನಯ್ಯಾ ತಕ್ಕಡಿ, ಇಂಗು ತಿಂದ ಮಂಗನ ಹಾಗೆ ಕೂತಿದ್ದೀಯಾ?"

"ಸಾರ್, ಆ ಬೀಗದ ಚೀಟಿ. ನೀವು ಇನ್ನೂರ ಹನ್ನೆರಡು ನೋಡಿದ್ರಾ?"

"ಯಾವ ಹನ್ನೆರಡು? ನೀನು ಹದಿಮೂರು ಅಂದೆ, ನಾನು ಹದಿಮೂರು ನೋಡ್ದೆ."

"ನಾನು ಯಾಕೆ ಹೇಳ್ದೆ ನಿಮಗೆ? ನಾನು ಹೇಳಬಾರದಲ್ವಾ?"

ಕೋರ್ಟಿನವರು ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿದರು. "ಅವತ್ತು ನನಗೆ ಹಲ್ಲಿನ ಡಾಕ್ಟರ ಹತ್ರ ಹನ್ನೊಂದಕ್ಕೆ ಸಮಯ ಇತ್ತು ಮಾರಾಯ. ನೀನೇ ತಾನೇ ಅಂದಿದ್ದು, ಪುಟ ಇದು, ಹೆಸರು ಇಲ್ಲಿದೆ, ಒಂದು ಕಣ್ಣು ಹಾಯಿಸಿ ಸಹಿ ಹಾಕಿ ಹೋಗಿ ಅಂತ. ನನ್ನ ಮೇಲೆ ಕರುಣೆ ತೋರಿಸ್ದೆ. ನಾನೂ ನಿನ್ನ ಮೇಲೆ ನಂಬಿಕೆ ತೋರಿಸ್ದೆ. ಲೆಕ್ಕ ಚುಕ್ತಾ." ಪರದೆಯ ಕಡೆ ಬಗ್ಗಿ, ಕನ್ನಡಕ ಎತ್ತಿ, ಸಾಲನ್ನು ಓದಿದರು. ಅವರ ಉಸಿರಿನಲ್ಲಿ ಪೆಪ್ಪರ್‌ಮಿಂಟಿನ ಹಿಂದೆ ಹುಳುಕು ಹಲ್ಲಿನ ವಾಸನೆ ಇತ್ತು. ಓದಿ ಮುಗಿಸಿ ಕನ್ನಡಕ ಇಳಿಸಿದರು. "ಥೂ," ಎಂದರು ಮೆಲ್ಲಗೆ. "ನ್ಯಾಯಾಲಯದಲ್ಲಾಗಿದ್ರೆ ಒಬ್ಬನನ್ನ ಒಳಗೆ ಹಾಕಿಸಿಬಿಡ್ತಿದ್ವಿ ನಾವಿಬ್ರು."

ಎರಡು ಕಣ್ಣು, ಒಂದೇ ಹಾಳೆ. ಸಂಪಾದಕಿಯ ಕೋಣೆಯ ಕಡೆ ನಡೆಯುವಾಗ ಅವನಿಗೆ ಇಪ್ಪತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ರಸಾಯನಶಾಸ್ತ್ರದ ಪ್ರಯೋಗಾಲಯ, ಕಿಟಕಿಯಲ್ಲಿ ಸತ್ತ ನೊಣಗಳು, ಬ್ಯೂರೆಟ್ಟೆಂಬ ಗಾಜಿನ ಅಳತೆ ಕೊಳವೆಯಿಂದ ಹನಿಹನಿಯಾಗಿ ಇಳಿಯುವ ಆಮ್ಲ. ಮೂರು ಸಲ ಅಳೆಯಬೇಕು. ಮೊದಲ ಸಲ ಇಪ್ಪತ್ತನಾಲ್ಕು ಪಾಯಿಂಟ್ ಆರು, ಎರಡನೆಯ ಸಲ ಇಪ್ಪತ್ತನಾಲ್ಕು ಪಾಯಿಂಟ್ ಆರು. ಮೂರನೆಯದನ್ನು ಅವನು ಮಾಡಲೇ ಇಲ್ಲ. ಅದೇ ಅಂಕಿಯನ್ನು ಬರೆದ. ಮೇಷ್ಟ್ರು ಹಾಳೆಯನ್ನು ಎತ್ತಿ ತರಗತಿಗೆಲ್ಲ ತೋರಿಸಿದ್ದರು: ನೋಡಿ, ಕೈ ಅಂದರೆ ಇದು. ಅವನು ನಾಚಿಕೆಯಿಂದ ತಲೆ ತಗ್ಗಿಸಿದ್ದನ್ನು ಎಲ್ಲರೂ ವಿನಯ ಎಂದುಕೊಂಡರು. ಆ ವಿನಯದ ಮೇಲೆಯೇ ಅವನ ಮುಂದಿನ ಬದುಕೆಲ್ಲ ನಿಂತಿತ್ತು. ಅದರ ಮೇಲೆಯೇ ಅಕ್ಕ ಎಲ್ಲರಿಗೂ ಹೇಳುತ್ತಿದ್ದಳು: ನನ್ನ ತಮ್ಮ ಒಂದು ಅಂಕಿ ಬರೆದರೆ ಅದು ಕಲ್ಲಿನ ಮೇಲೆ ಬರೆದ ಹಾಗೆ.

ಸಂಪಾದಕಿ ಗಾಜಿನ ಬಾಗಿಲಿನ ಹಿಂದೆ ನಿಂತುಕೊಂಡೇ ಮಧ್ಯಾಹ್ನದ ಊಟದ ಬ್ರೆಡ್ಡನ್ನು ಬೆಳಿಗ್ಗೆಯೇ ತಿನ್ನುತ್ತಿದ್ದಳು. ಅವನು ಹೇಳಿದ್ದನ್ನು ಕೇಳಿದಳು. ಕೇಳುವಾಗ ಅವಳ ದವಡೆ ನಿಲ್ಲಲಿಲ್ಲ. ನಿಯಮದ ಪ್ರಕಾರ ತಿದ್ದುವ ಮುಂಚೆ ಸಂಬಂಧಪಟ್ಟವರನ್ನು ಒಂದು ಮಾತು ಕೇಳಬೇಕಲ್ಲವೇ, ಕೇಳಿ ಎಂದಳು. ದೂರು ಅವರ ಕಡೆಯಿಂದಲೇ ಬಂದದ್ದಾ? ಪತ್ರದಲ್ಲಿ ಹೆಸರಿರಲಿಲ್ಲ. ಹಾಗಾದರೆ ಮೊದಲು ಕೇಳಿ, ಆಮೇಲೆ ನೋಡೋಣ. "ನೋಡೋಣ" ಎನ್ನುವಾಗ ಒಂದು ತುಣುಕು ಅವಳ ಬಾಯಿಂದ ಹಾರಿ ಅವನ ತೋಳಿನ ಮೇಲೆ ಕೂತಿತು. ಇಬ್ಬರೂ ಅದನ್ನು ನೋಡಿದರು. ಇಬ್ಬರೂ ನೋಡದವರಂತೆ ಇದ್ದರು. ಅವನು ಹೊರಗೆ ಬರುವವರೆಗೂ ಅದನ್ನು ಕೊಡವಲಿಲ್ಲ.

ಫೋನಿನಲ್ಲಿ ಶಾಸಕಿಯ ಆಪ್ತ ಸಹಾಯಕನ ದನಿ ಹುರುಪಿನದು, ಹಿನ್ನೆಲೆಯಲ್ಲಿ ಧ್ವನಿವರ್ಧಕ ಪರೀಕ್ಷೆ ಮಾಡುವ ಸದ್ದು. ಅವನು ಕ್ಷಮೆ ಕೇಳಲು ವಾಕ್ಯಗಳನ್ನು ಬರೆದಿಟ್ಟುಕೊಂಡಿದ್ದ. ಎರಡನೆಯ ವಾಕ್ಯಕ್ಕೇ ಆತ ತಡೆದ.

"ಸಾರ್, ಸಾರ್, ಒಂದ್ನಿಮಿಷ. ನಾವೇನಾದ್ರೂ ನಿಮಗೆ ದೂರು ಕೊಟ್ವಾ?"

"ಇಲ್ಲ. ಆದ್ರೆ ತಪ್ಪು ನಮ್ಮದು. ಮೇಡಂ ಬೀಗದ ಪರ ಮತ ಹಾಕಿದ್ರು. ನಾವು ವಿರುದ್ಧ ಹಾಕಿದ್ರು ಅಂತ ಮುದ್ರೆ ಒತ್ತಿದ್ದೀವಿ."

"ಗೊತ್ತು ಸಾರ್. ನಮ್ಗೆ ಮೊದಲ ದಿನಾನೇ ಗೊತ್ತು. ಮೇಡಂ ಹಾಕಿದ ಮತ ಮೇಡಂಗೆ ಗೊತ್ತಿರಲ್ವಾ?" ಆತ ನಕ್ಕ. "ಅದನ್ನ ಹಾಕಿದ್ದು ನಮ್ಮನ್ನ ಬೈಯೋಕೆ. ಆದ್ರೆ ಕಾಡಂಚಿನ ಹಳ್ಳಿಗಳಲ್ಲಿ ಏನಾಯ್ತು ಗೊತ್ತಾ? ಮನೆಮನೇಲಿ ಬಂದೂಕು ಇರೋ ಜನ. ಓಹೋ, ಈಯಮ್ಮ ನಮ್ಮವಳು ಅಂತ ಹೂವಿನ ಹಾರ ಹಾಕ್ತಿದ್ದಾರೆ. ನಾವೇ ಆ ಚೀಟಿ ಅಚ್ಚು ಹಾಕಿಸಿ ಹಂಚ್ತಾ ಇದ್ದೀವಿ ಸಾರ್, ನಿಮ್ಮ ಹಸಿರು ಮುದ್ರೆ ಸಮೇತ. ಮುದ್ರೆ ಚೆನ್ನಾಗಿ ಬಂದಿದೆ."

"ಮತ್ತೆ ಪಟ್ಟಣದಲ್ಲಿ? ಬೀಗದ ಕಾನೂನಿಗೋಸ್ಕರ ನಿಮ್ಮ ಪರ ಮನೆಮನೆ ತಿರುಗಿದವರು ಇದ್ದಾರಲ್ಲ?"

"ಪಟ್ಟಣದವರು ಬೇರೆ ಯಾರಿಗೆ ಹಾಕ್ತಾರೆ ಸಾರ್? ಎದುರಾಳಿ ನೋಡಿದ್ದೀರಲ್ಲ, ತೋಳಲ್ಲೇ ಬಂದೂಕು ಹಚ್ಚೆ ಹಾಕಿಸ್ಕೊಂಡಿದ್ದಾನೆ. ಬೈಕೊಂಡು ನಮಗೇ ಹಾಕ್ತಾರೆ."

"ಹಾಗಾದ್ರೆ ಮೇಡಂ ಅವರ ಈಗಿನ ನಿಲುವು ಏನು? ಬೀಗ ಬೇಕಾ, ಬೇಡ್ವಾ?"

"ನೀವು ಯಾವ ಊರಲ್ಲಿ ನಿಂತು ಕೇಳ್ತಿದ್ದೀರಿ, ಅದರ ಮೇಲೆ ಸಾರ್." ಮತ್ತೆ ನಗು, ಆಮೇಲೆ ದನಿ ಇಳಿಯಿತು, ಸ್ನೇಹದ ದನಿ. "ಸುಮ್ನೆ ಬಿಡಿ ಸಾರ್. ಶುಕ್ರವಾರ ಕಳೀಲಿ. ಶನಿವಾರ ತಿದ್ದಿ, ದೊಡ್ಡ ಅಕ್ಷರದಲ್ಲೇ ತಿದ್ದಿ. ನಿಮ್ಮ ತಪ್ಪಿಂದ ನಮಗೆ ಒಳ್ಳೇದೇ ಆಗಿದೆ, ನೀವ್ಯಾಕೆ ಮನಸ್ಸಿಗೆ ಹಚ್ಕೋತೀರಿ?"

ಫೋನು ಇಟ್ಟ ಮೇಲೆ ಕಿವಿ ಬೆವರಿತ್ತು. ಅವನು ಶೌಚಾಲಯಕ್ಕೆ ಹೋಗಿ ಕಿವಿಯನ್ನು ಸೋಪು ಹಾಕಿ ತೊಳೆದುಕೊಂಡ. ನಲ್ಲಿಯ ಕೆಳಗೆ ಯಾರದೋ ಕಫ ಹಸಿರಾಗಿ ಅಂಟಿಕೊಂಡಿತ್ತು, ನೀರು ಬಿಟ್ಟರೂ ಕದಲಲಿಲ್ಲ. ಮುದ್ರೆಯ ಬಣ್ಣವೂ ಹೆಚ್ಚುಕಡಿಮೆ ಅದೇ ಎಂದುಕೊಂಡ. ಕನ್ನಡಿಯಲ್ಲಿ ಒಂದು ಕಿವಿ ಮಾತ್ರ ಕೆಂಪಾದ ಮುಖ. ಅಕ್ಕನಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಹದಿನೆಂಟು ತಿಂಗಳಿಂದ. ಅವತ್ತು ಏಳನೆಯ ತರಗತಿಗೆ ತ್ರಿಭುಜ ಹೇಳಿಕೊಡುತ್ತಿದ್ದಳು. ಹಿಂದಿನ ಬೆಂಚಿನ ಒಬ್ಬ ಹುಡುಗ ಅಪ್ಪನ ಬೀರುವಿನಿಂದ ತಂದ ಪಿಸ್ತೂಲನ್ನು ಪಕ್ಕದವರಿಗೆ ತೋರಿಸುತ್ತಿದ್ದ, ಅಷ್ಟೇ. ಕೊಲ್ಲುವ ಮನಸ್ಸು ಯಾರಿಗೂ ಇರಲಿಲ್ಲ. ಆ ಬೀರುವಿಗೆ ಬೀಗ ಇರಲಿಲ್ಲ. ಎರಡು ಬೆಂಚು ಮುಂದೆ ಕೂತಿದ್ದ ಹುಡುಗಿ, ಜಡೆಯನ್ನು ಬಾಯಲ್ಲಿ ಕಚ್ಚಿಕೊಂಡು ಲೆಕ್ಕ ಮಾಡುತ್ತಿದ್ದವಳು, ಜಡೆಯನ್ನು ಹಾಗೇ ಕಚ್ಚಿಕೊಂಡು ಬಿದ್ದಳಂತೆ. ಅಕ್ಕ ಇಷ್ಟನ್ನು ಒಂದು ಸಲ ಹೇಳಿದ್ದಳು, ಸೊಪ್ಪು ಬಿಡಿಸುತ್ತಾ. ಇನ್ನೊಂದು ಸಲ ಹೇಳಲಿಲ್ಲ. ಆದರೆ ಕಲಂ ಒಂಬತ್ತು ಮಸೂದೆಯಲ್ಲಿ ಉಳಿಯಿತು ಎಂದು ಸುದ್ದಿ ಬಂದ ದಿನ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ತನ್ನ ಬೀದಿಯ, ಹಿಂದಿನ ಬೀದಿಯ ಮನೆಗಳ ಪಟ್ಟಿ ಮಾಡಿಕೊಂಡಳು. ಮುಂದಿನ ಸಭೆಯಲ್ಲಿ ಮಸೂದೆ ಮತ್ತೆ ಬರಬೇಕಿತ್ತು, ಅಲ್ಲಿ ಅದನ್ನು ಹಿಡಿದು ನಿಲ್ಲುವವರು ಬೇಕಿತ್ತು. ಬಾಗಿಲಿಂದ ಬಾಗಿಲಿಗೆ ಹೋಗಿ ಕರಪತ್ರ ಕೊಟ್ಟು, ಶಾಸಕಿಯ ಹೆಸರು ಹೇಳಿ ಬಂದಳು. ಅರವತ್ತನಾಲ್ಕು ಬಾಗಿಲು.

ಹೋದ ವಾರ ಸೋಮವಾರವೇ, ಯಾರೋ ತಮ್ಮ ಫೋನಿನಲ್ಲಿ ತೋರಿಸಿ, ಚೀಟಿ ಅಕ್ಕನ ಕಣ್ಣಿಗೂ ಬಿತ್ತು. ಅವಳು ಫೋನು ಮಾಡಿದಳು. "ಇದನ್ನ ನೀನೇ ನೋಡಿದ್ದೇನೋ?" "ಹೂಂ ಅಕ್ಕ, ನಾನೇ ನೋಡಿದ್ದು." "ಮೂಲ ನೋಡ್ದೆಯಾ?" "ನೋಡ್ದೆ ಅಕ್ಕ." ಆ ಕಡೆ ನೋಟ್‌ಬುಕ್ಕಿನ ಹಾಳೆ ಮಗುಚಿದ ಸದ್ದು. ಆಮೇಲೆ, "ನೀನು ನೋಡಿದ್ರೆ ಮುಗೀತು ಬಿಡು," ಎಂದಳು. ಮೂರು ದಿನ, ಶಾಲೆ ಮುಗಿಸಿಕೊಂಡು ಬಂದ ಮೇಲೆ, ಅರವತ್ತನಾಲ್ಕು ಬಾಗಿಲಿಗೂ ಹಿಂದಿರುಗಿ ಹೋಗಿ, ನಾನು ಹೇಳಿದ್ದು ತಪ್ಪಾಗಿತ್ತು, ಆ ಹೆಂಗಸು ಬೀಗ ಬೇಡ ಅಂದವಳು, ನನ್ನ ತಮ್ಮನೇ ಪರಿಶೀಲಿಸಿದ್ದಾನೆ ಎಂದು ಹೇಳಿಬಂದಳು. ಕೆಲವರು ನಕ್ಕರಂತೆ. ಒಬ್ಬರು, ಟೀಚರಮ್ಮ ನಿಮಗೆ ಬೇರೆ ಕೆಲಸ ಇಲ್ವಾ ಎಂದು ಬಾಗಿಲು ಹಾಕಿದರಂತೆ. ಚಪ್ಪಲಿ ಸವೆದದ್ದು ಆಗಲೇ ಇರಬೇಕು. ಭಾನುವಾರ ಹೋಗಿದ್ದಾಗ ಅವನು ಅದನ್ನು ಬಾಗಿಲ ಬಳಿ ನೋಡಿದ್ದ, ಒಂದು ಬದಿಗೆ ವಾಲಿಕೊಂಡದ್ದನ್ನು. ಹೊಸದು ತಗೋ ಅಕ್ಕ ಎಂದು ಹೇಳಿಯೂ ಇದ್ದ, ದೊಡ್ಡ ಉಪಕಾರಿಯ ಹಾಗೆ.

ಸಂಪಾದಕಿಗೆ ಫೋನಿನ ವಿಷಯ ತಿಳಿಸಿದಾಗ ಅವಳ ಮುಖ ಹಗುರವಾಯಿತು. ಹಾಗಾದರೆ ನೊಂದವರೇ ಇಲ್ಲ ಎಂದಳು. ಅವನು, "ಇದಾರೆ ಮೇಡಂ," ಎಂದ. ಯಾರು ಎಂದು ಅವಳು ಕೇಳಿದ್ದರೆ ಹೇಳುತ್ತಿದ್ದನೋ ಏನೋ, ಅವಳು ಕೇಳಲಿಲ್ಲ. ಚೀಟಿಯನ್ನು ತೆಗೆಯುವುದು ಬೇಡ ಎಂದಳು. ತೆಗೆದರೆ ಹೆದರಿ ತೆಗೆದರು ಎನ್ನುತ್ತಾರೆ, ಇನ್ನುಳಿದ ಮುದ್ರೆಗಳ ಮೇಲೂ ಅನುಮಾನ ಬರುತ್ತದೆ, ಎರಡು ಸಾವಿರ ಮುದ್ರೆಗಳಿವೆ. ಪುಟದ ಕೊನೆಯಲ್ಲಿ ಒಂದು ಟಿಪ್ಪಣಿ ಹಾಕೋಣ. ಪದ್ಧತಿ ಇದೆ. ಅವನು ತನ್ನ ಮೇಜಿಗೆ ಬಂದು ಟಿಪ್ಪಣಿ ಬರೆದ: ಶಾಸಕಿ ಬೀಗದ ಕಲಂ ಉಳಿಯಲಿ ಎಂದು ಮತ ಹಾಕಿದ್ದರು. ಮತಪಟ್ಟಿಯ ಹಿಂದಿನ ಪುಟವನ್ನು ಓದದೆ ನಾವು ತಪ್ಪು ಮುದ್ರೆ ಒತ್ತಿದೆವು. ತಪ್ಪು ನಮ್ಮದು. ಇಪ್ಪತ್ತು ನಿಮಿಷಕ್ಕೆ ಅದು ತಿದ್ದಿ ವಾಪಸು ಬಂತು: ಲಭ್ಯ ದಾಖಲೆಗಳ ಮರುಪರಿಶೀಲನೆಯ ನಂತರ, ಮತದಾನದ ಸ್ವರೂಪದ ಕುರಿತು ಮಾಹಿತಿಯನ್ನು ಪರಿಷ್ಕರಿಸಲಾಗಿದೆ. ಯಾರು ಪರಿಷ್ಕರಿಸಿದರು, ಏನಿತ್ತು, ಏನಾಯಿತು, ಒಂದೂ ಇಲ್ಲ. ಕಚ್ಚಲು ಹಲ್ಲೇ ಇಲ್ಲದ ವಾಕ್ಯ. ಅವನು ಎದ್ದು ಹೋಗಿ ಗಾಜಿನ ಬಾಗಿಲ ಮುಂದೆ ನಿಂತ. ಒಳಗೆ ಸಂಪಾದಕಿ ಫೋನಿನಲ್ಲಿದ್ದಳು. ಒಂದು ಬೆರಳು ಎತ್ತಿ ತಾಳಿ ಎಂದಳು. ಅವನು ತಾಳಿದ. ಏಳು ನಿಮಿಷ ನಿಂತಿದ್ದ; ಒಳಗೆ ಎತ್ತಿದ ಬೆರಳು ಇಳಿಯಿತು, ಬಾಗಿಲು ತೆರೆಯಲಿಲ್ಲ. ಹಿಂದಿರುಗಿ ಬಂದು ಆ ವಾಕ್ಯವನ್ನು ಅವಳು ಹೇಳಿದ ಜಾಗದಲ್ಲಿ, ಅವಳು ಹೇಳಿದ ಬೂದುಬಣ್ಣದಲ್ಲಿ, ತಾನೇ ತನ್ನ ಕೈಯಿಂದ ಹಾಕಿದ. ಆ ಏಳು ನಿಮಿಷದಲ್ಲಿ ಬಾಗಿಲು ತಟ್ಟಬಹುದಿತ್ತು. ತಟ್ಟುವ ಬೆರಳು ಎಷ್ಟೋ ವರ್ಷದ ಹಿಂದೆಯೇ ಮಡಚಿಹೋಗಿರಬೇಕು.

"ಹಾಕಿದೆಯಾ?" ಎಂದರು ಕೋರ್ಟಿನವರು.

"ಹಾಕ್ದೆ."

"ಓದಿ ಹೇಳು."

ಅವನು ಓದಿದ. ಕೋರ್ಟಿನವರು ಕಣ್ಣು ಮುಚ್ಚಿ ಕೇಳಿದರು, ಹೇಳಿಕೆ ಬರೆದುಕೊಳ್ಳುವವರಂತೆ ಮೇಜಿನ ಮೇಲೆ ಬೆರಳು ಆಡಿಸುತ್ತಾ. "ಇದನ್ನ ಹೇಳಿದವನು ಸಾಕ್ಷೀನೂ ಅಲ್ಲ, ಆರೋಪೀನೂ ಅಲ್ಲ," ಎಂದರು. "ಮನೆಗೆ ಹೋಗು ಮಾರಾಯ. ನಿನ್ನ ಮುಖ ನೋಡೋಕಾಗ್ತಿಲ್ಲ."

ಅವನು ಮನೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಪಕ್ಕದವನು ತನ್ನ ಫೋನಿನಲ್ಲಿ ಏನನ್ನೋ ಸರಿಸುತ್ತಾ ಸರಿಸುತ್ತಾ ಹೋಗುತ್ತಿದ್ದ. ಬೆರಳು ನೆಕ್ಕಿ ನೆಕ್ಕಿ ಸರಿಸುತ್ತಿದ್ದ, ಗಾಜಿನ ಮೇಲೆ ಎಂಜಲಿನ ಗೆರೆ. ನಡುವೆ ಒಂದು ಕ್ಷಣ ಹಸಿರು ಮುದ್ರೆ ಮಿಂಚಿ ಮಾಯವಾದಂತಾಯಿತು. ಅದೇ ಚೀಟಿಯೋ ಬೇರೆಯೋ ತಿಳಿಯಲಿಲ್ಲ. ಅಕ್ಕನಿಗೆ ಹೇಗೆ ಹೇಳುವುದು ಎಂದು ಅವನು ವಾಕ್ಯಗಳನ್ನು ಕೂಡಿಸುತ್ತಿದ್ದ, ಮತ್ತು ಪ್ರತಿ ವಾಕ್ಯದಲ್ಲೂ ಕೋರ್ಟಿನವರ ಹಲ್ಲುನೋವು ತಾನಾಗಿ ಬಂದು ಕೂರುತ್ತಿತ್ತು. ಎರಡನೆಯ ಕಣ್ಣು ನೋಡಬೇಕಿತ್ತು ಅಕ್ಕ, ಅವರು ನೋಡಲಿಲ್ಲ. ಇದು ಸುಳ್ಳಾಗಿರಲಿಲ್ಲ. ಅವನ ಕಚೇರಿಯ ಲೆಕ್ಕದಲ್ಲಿ ಇದಕ್ಕೆ ಅರ್ಧ ಸರಿ ಎಂಬ ಹಳದಿ ಮುದ್ರೆ ಸಿಗುತ್ತಿತ್ತು. ಹೇಳದೆಯೂ ಇರಬಹುದಿತ್ತು. ಅಕ್ಕ ಜಾಲ ನೋಡುವವಳಲ್ಲ, ಆ ಟಿಪ್ಪಣಿ ಅವಳ ಕಣ್ಣಿಗೆ ಬೀಳುವ ಸಂಭವವೇ ಇಲ್ಲ. ಶುಕ್ರವಾರ ಅವಳು ಯಾರಿಗೂ ಮತ ಹಾಕದೆ ಮನೆಯಲ್ಲಿ ಕೂರುತ್ತಾಳೆ, ಶನಿವಾರದಿಂದ ಮತ್ತೆ ತ್ರಿಭುಜ. ತನ್ನ ಅಂಕಿ ಕಲ್ಲಿನ ಮೇಲೆಯೇ ಉಳಿಯುತ್ತದೆ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ, ಏನೋ ಮೆತ್ತಿಕೊಂಡಿದೆ ಎನ್ನುವಂತೆ.

ನಾಲ್ಕೂವರೆಗೆ ಅಕ್ಕ ಮೇಜಿನ ಮುಂದೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವನು ಅವಳ ಬಲಗಡೆಗೆ ಹೋಗಿ ಕೂತ, ಕೇಳಿಸುವ ಕಿವಿಯ ಕಡೆಗೆ.

"ಇದೇನೋ ಈ ಹೊತ್ತಲ್ಲಿ? ಕೆಲಸದಿಂದ ತೆಗೆದುಹಾಕಿದ್ರಾ?"

"ಅಕ್ಕ, ನಮ್ಮಲ್ಲಿ ಒಂದು ತಪ್ಪಾಗಿದೆ."

"ನಮ್ಮಲ್ಲಿ ಅಂದ್ರೆ ಯಾರು?" ಕೆಂಪು ಪೆನ್ನು ಕಾಗದದ ಮೇಲೆಯೇ ಇತ್ತು.

ಕೋರ್ಟಿನವರ ಹಲ್ಲುನೋವು ನಾಲಿಗೆಯ ತುದಿಗೆ ಬಂದಿತ್ತು. ಅವನು ನುಂಗಿಕೊಂಡ. "ನಾನು," ಎಂದ. "ಆ ಹೆಂಗಸು ಬೀಗ ಬೇಕು ಅಂತಾನೇ ಮತ ಹಾಕಿದ್ಲು. ನೀನು ಮೊದಲು ಹೇಳಿದ್ದೇ ಸರಿ. ನಾನು ಹಿಂದಿನ ಪುಟ ಓದ್ಲಿಲ್ಲ."

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಅವನು ಉಳಿದದ್ದನ್ನೆಲ್ಲ ಹೇಳಿದ: ಪುಟ ಇನ್ನೂರ ಹನ್ನೆರಡು, ತಾನೇ ಮುರಿದ ಎರಡನೆಯ ಕಣ್ಣಿನ ನಿಯಮ, ಆಪ್ತ ಸಹಾಯಕನ ನಗು, ಯಾವ ಊರಲ್ಲಿ ಕೇಳುತ್ತೀರಿ ಎಂದದ್ದು, ಗಾಜಿನ ಬಾಗಿಲು, ಏಳು ನಿಮಿಷ. ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನ ಮುಖವನ್ನು, ಒಂದೇ ಉತ್ತರವನ್ನು ಇಬ್ಬರು ಬರೆದಾಗ ಯಾರು ಯಾರದ್ದನ್ನು ನೋಡಿ ಬರೆದರು ಎಂದು ಹುಡುಕುವಂತೆ ನೋಡಿದಳು. ಆಮೇಲೆ ಮುಖ ಕಿವುಚಿಕೊಂಡಳು. ಆ ಕಿವುಚುವಿಕೆ ಶಾಸಕಿಗೋ, ಸಂಪಾದಕಿಗೋ, ತನಗೋ ಎಂದು ಅವನು ಕೇಳಲಿಲ್ಲ. ಹಂಚಿಕೊಂಡರೂ ತನ್ನ ಪಾಲಿಗೆ ಸಾಕಷ್ಟು ಬರುತ್ತಿತ್ತು.

"ಮೂರು ದಿನ ಕಣೋ," ಎಂದಳು. "ಒಂದೊಂದು ಬಾಗಿಲಲ್ಲೂ ನಿನ್ನ ಹೆಸರು ಹೇಳ್ದೆ."

"ಗೊತ್ತಕ್ಕ."

"ಗೊತ್ತಿಲ್ಲ ನಿನಗೆ. ಆ ಮೂಲೆಮನೆ ಮುದುಕ ಏನಂದ ಗೊತ್ತಾ? ನಿಮ್ಮ ತಮ್ಮ ಹೇಳಿದ್ರೆ ನಂಬ್ತೀನಮ್ಮ, ಓದಿರೋನು ಅಂದ. ಬಂದೂಕು ಇಟ್ಕೊಂಡಿರೋನು ಅವನು. ಬೀಗ ತರ್ತೀನಿ ಅಂದಿದ್ದ ಮೊದಲ ಸಲ. ಎರಡನೇ ಸಲ ಹೋದಾಗ, ಆ ಹೆಂಗಸೇ ಬೇಡ ಅಂದ ಮೇಲೆ ನನಗ್ಯಾಕಮ್ಮ ಬೀಗ ಅಂದ." ಅವಳು ಎದ್ದು ಕಿಟಕಿಯ ಹತ್ತಿರ ಹೋದಳು, ತಿರುಗಿ ಬಂದಳು. "ಅವನ ಮನೇಲಿ ಮೊಮ್ಮಕ್ಕಳಿದಾವೆ. ಎರಡು."

ಹೊರಗೆ ಯಾರೋ ಚಾಪೆ ಕೊಡವುತ್ತಿದ್ದರು. ಒಂದೊಂದು ಹೊಡೆತಕ್ಕೂ ಅಕ್ಕನ ಬಲ ಭುಜ ಸಣ್ಣಗೆ ಅದುರುತ್ತಿತ್ತು. ಅವಳಿಗೇ ಅದು ತಿಳಿದಂತಿರಲಿಲ್ಲ.

"ಹಾಗಾದ್ರೆ ಈಗ ಅವಳಿಗೆ ಮತ ಹಾಕ್ಬೇಕಾ, ಬೇಡ್ವಾ?"

"ಗೊತ್ತಿಲ್ಲ ಅಕ್ಕ. ಅವತ್ತು ಏನು ಮಾಡಿದ್ಲು ಅನ್ನೋದು ಹೇಳಬಲ್ಲೆ. ನಾಳೆ ಏನು ಮಾಡ್ತಾಳೆ ಅಂತ ಹೇಳೋಕೆ ಬರಲ್ಲ."

"ಅಷ್ಟನ್ನಾದ್ರೂ ಸರಿಯಾಗಿ ಹೇಳು." ಅವಳು ಕಪಾಟಿನಿಂದ ಉದ್ದ ನೋಟ್‌ಬುಕ್ ತೆಗೆದಳು. ಪಟ್ಟಿಯಲ್ಲಿ ಪ್ರತಿ ಮನೆಯ ಮುಂದೆ ಎರಡು ಗುರುತು: ಮೊದಲ ಭೇಟಿಗೆ ನೀಲಿ, ಎರಡನೆಯದಕ್ಕೆ ಕೆಂಪು. ಮೂರನೆಯದಕ್ಕೆ ಜಾಗ ಇತ್ತು. "ಏಳು. ಮೂಲೆಮನೆಯಿಂದ ಶುರು. ಈ ಸಲ ನಾನು ಹೇಳಲ್ಲ. ನೀನೇ ಹೇಳ್ಬೇಕು, ನಾನು ಪಕ್ಕದಲ್ಲಿ ನಿಂತಿರ್ತೀನಿ."

"ನಾನಾ?"

"ಮತ್ತೆ? ಬಾಗಿಲು ಮುಖಕ್ಕೆ ಹಾಕಿಸಿಕೊಳ್ಳೋದು ಹೇಗಿರುತ್ತೆ ಅಂತ ನಿನಗೂ ತಿಳೀಲಿ." ಆ ಮಾತಿನಲ್ಲಿ ಒಂದು ಎಳೆ ನಗು ಇತ್ತೋ ಏನೋ, ಇದ್ದರೆ ತಕ್ಷಣ ಹೋಯಿತು. "ಎಲ್ಲಿ ಹಾಕಿದ್ದೀರಿ ಆ ತಿದ್ದುಪಡಿ, ತೋರಿಸು ಮೊದಲು. ಆ ಮುದುಕ ಎಲ್ಲಿ ಬರೆದಿದೆ ಅಂತ ಕೇಳ್ದೆ ಬಿಡೋನಲ್ಲ."

ಅವನು ಅವಳ ಮೇಜಿನ ಮೇಲಿದ್ದ ಹಳೆಯ ಗಣಕಯಂತ್ರದಲ್ಲಿ ಪುಟವನ್ನು ತೆರೆದ. ಮೇಲೆ ಚೀಟಿ, ಶಾಸಕಿಯ ಮುಖ, ಮುಖದ ಪಕ್ಕದಲ್ಲಿ ಹಸಿರು ಮುದ್ರೆ, ಒಳಗೆ ದಪ್ಪಕ್ಷರದಲ್ಲಿ ಸರಿ. ಅಕ್ಕ ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿದಳು. "ಎಲ್ಲಿದೆ?" "ಕೆಳಗೆ, ಅಕ್ಕ." "ಎಲ್ಲೋ?" "ಇನ್ನೂ ಕೆಳಗೆ. ಜಾಹೀರಾತು ಆದ ಮೇಲೆ." ಅವಳು ಕನ್ನಡಕ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡಳು. ಬೂದುಬಣ್ಣದ ಗೆರೆಯನ್ನು ಅವಳು ಧೂಳು ಎಂದುಕೊಂಡು ಬೆರಳಿನಿಂದ ಉಜ್ಜಿದ್ದನ್ನು ಅವನು ನೋಡಿದ. ಉಜ್ಜಿ, ಅದು ಅಕ್ಷರ ಎಂದು ತಿಳಿದು, ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು.

"ಇದನ್ನ ನೀನೇ ಹಾಕ್ದೆಯಾ?"

"ಹೂಂ."

ಅಕ್ಕ ಉತ್ತರಪತ್ರಿಕೆಗಳ ಮೇಲೆ ಭಾರಕ್ಕೆಂದು ಇಟ್ಟಿದ್ದ ಸ್ಟೀಲಿನ ಅಳತೆಪಟ್ಟಿಯನ್ನು ತೆಗೆದು ಅವನ ಮುಂದಿಟ್ಟಳು. ಗುಂಡು ಹಾರಿದ ದಿನ ತರಗತಿಯಲ್ಲಿ ಅವಳ ಕೈಯಲ್ಲಿದ್ದದ್ದು ಇದೇ ಪಟ್ಟಿ. ಒಂದು ತುದಿ ಸ್ವಲ್ಪ ಬಾಗಿತ್ತು. "ಅಳತೆ ತಗೋ," ಎಂದಳು. "ಎಷ್ಟು ದೊಡ್ಡದಾಗಿ ಹಾಕಿದ್ದಾರೆ ಅಂತ ಕೇಳ್ತಾರೆ. ಸುಮಾರಾಗಿ ಹೇಳ್ಬೇಡ. ಸುಮಾರಾಗಿ ಹೇಳಿದ್ದು ಸಾಕು." ಬಾಗಿಲ ಬಳಿ ಹೋಗಿ ಸವೆದ ಚಪ್ಪಲಿಯನ್ನು ಕಾಲಿನಿಂದ ತಡಕಿ ನೇರ ಮಾಡಿಕೊಂಡು ಮೆಟ್ಟಿ, ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತಳು.

ಅವನು ಪಟ್ಟಿಯನ್ನು ಪರದೆಗೆ ಆನಿಸಿದ. ಬಾಗಿದ ತುದಿಯನ್ನು ಬಿಟ್ಟು, ಒಂದು ಸೆಂಟಿಮೀಟರಿನ ಗೆರೆಯಿಂದ ಶುರುಮಾಡಿದ. ಕಣ್ಣನ್ನು ಗೆರೆಯ ಮಟ್ಟಕ್ಕೆ ಇಳಿಸಿದ, ಮೇಲಿನಿಂದ ನೋಡಿದರೆ ಅಂಕಿ ತಪ್ಪುತ್ತದೆ. ಮುದ್ರೆಯ ಅಗಲ ಮೂವತ್ತೊಂದು ಮಿಲಿಮೀಟರ್. ಕೆಳಗಿನ ಬೂದು ಸಾಲಿಗೆ ಬಂದು ಅಕ್ಷರಗಳ ಎತ್ತರ ಅಳೆದ. ಇನ್ನೊಂದು ಸಲ ಅಳೆದ. ಎರಡೂ ಹೊಂದಿದವು. ಪಟ್ಟಿಯನ್ನು ತೆಗೆದು, ಮತ್ತೆ ಇಟ್ಟು, ಮೂರನೆಯ ಸಲವೂ ಅಳೆದ.

"ಎಷ್ಟು?" ಎಂದಳು ಅಕ್ಕ, ಕೇಳಿಸುವ ಕಿವಿಯನ್ನು ಅವನ ಕಡೆ ತಿರುಗಿಸಿ.

"ಒಂದೂವರೆ ಮಿಲಿಮೀಟರ್."